ಪ್ರಸಾರ ಭಾರತಿ: ಸ್ವಾಯತ್ತ ಸಂಸ್ಥೆಯೋ, ಸಚಿವಾಲಯದ ಶಾಖೆಯೋ?

ತುಂಗಾತೀರ:
ಪ್ರಸಾರ ಭಾರತಿ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 1990ರಲ್ಲಿ. ಅದು ಜಾರಿಗೆ ಬಂದದ್ದು 1997ರ ಸೆಪ್ಟೆಂಬರ್ 15ರಂದು. ಏಳು ವರ್ಷ ಕಡತದಲ್ಲಿ ಮಲಗಿದ್ದ ಕಾನೂನು ಎಂಬುದೇ ಅರ್ಧ ಕಥೆ ಹೇಳುತ್ತದೆ. ಆಕಾಶವಾಣಿ, ದೂರದರ್ಶನ ಎರಡೂ ಈಗ ಪ್ರಸಾರ ಭಾರತಿ ಎಂಬ ಸ್ವಾಯತ್ತ ನಿಗಮದ ಅಂಗಗಳು ಎನ್ನುತ್ತಾರೆ. ಹಾಗಿದ್ದರೆ ಸಂಬಳ ಇಂದಿಗೂ ಕೇಂದ್ರದ ಅನುದಾನದಿಂದ ಬರುವುದೇಕೆ? ಮಂತ್ರಿಗಳ ಉದ್ಘಾಟನೆಗಳೆಲ್ಲ ಮುಗಿದ ಮೇಲೆಯೇ ಬೇರೆ ಸುದ್ದಿಗೆ ಸರದಿ ಬರುವುದೇಕೆ? ನನ್ನ ಪ್ರಕಾರ ದೂರದರ್ಶನವನ್ನು ಮಾರಿಬಿಡಬೇಕು. ಆಕಾಶವಾಣಿಯಲ್ಲಿ ಕೃಷಿ, ಹವಾಮಾನ, ಸಂಗೀತ ಉಳಿದರೆ ಸಾಕು. ಸರ್ಕಾರ ಹುಟ್ಟಿಸಿದ ಸಂಸ್ಥೆ ಸರ್ಕಾರದ ಮಾತನ್ನಲ್ಲದೆ ಇನ್ನೇನು ಆಡೀತು?

ಒಂಟಿಕೊಪ್ಪಲಿನವನು:
"ಸರ್ಕಾರ ಹುಟ್ಟಿಸಿದ" ಎಂಬಲ್ಲಿಯೇ ನನ್ನ ತಕರಾರು. ನಮ್ಮಲ್ಲಿ ವ್ಯವಸ್ಥಿತ ಪ್ರಸಾರ ಆರಂಭಿಸಿದ್ದು ಖಾಸಗಿ ಕಂಪನಿ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರ ಜುಲೈ 23ರಂದು ಮುಂಬಯಿಯಲ್ಲಿ, ಮರುತಿಂಗಳು ಕಲ್ಕತ್ತೆಯಲ್ಲಿ ಕೇಂದ್ರ ತೆರೆಯಿತು. ರೇಡಿಯೋ ಇಟ್ಟುಕೊಳ್ಳಲು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್, ಅದರ ದೊಡ್ಡ ಪಾಲು ಕಂಪನಿಗೆ. ಕೇಳುಗರು ಸಾಲಲಿಲ್ಲ, ಮೂರು ವರ್ಷ ತುಂಬುವ ಮೊದಲೇ ಕಂಪನಿ ಬಾಗಿಲು ಹಾಕಿತು. 1930ರ ಏಪ್ರಿಲ್‌ನಲ್ಲಿ ಸರ್ಕಾರ ಒಲ್ಲದ ಮನಸ್ಸಿನಿಂದ ವಹಿಸಿಕೊಂಡಿತು. ಮರುವರ್ಷ ಮುಚ್ಚಲು ತೀರ್ಮಾನಿಸಿ, ಒತ್ತಾಯ ಬಂದಾಗ ಹಿಂತೆಗೆದುಕೊಂಡಿತು! ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು 1936ರಲ್ಲಿ.

ನಮ್ಮ ಮೈಸೂರಿನ ಕಥೆ ಇನ್ನೂ ಬೇರೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ "ವಿಠ್ಠಲ ವಿಹಾರ"ದಿಂದ 30 ವಾಟ್‌ನ ಪ್ರಸಾರಯಂತ್ರ ಹಿಡಿದು "ಆಕಾಶವಾಣಿ" ಶುರುಮಾಡಿದರು. ಕೆಲವು ವರ್ಷಗಳ ನಂತರ ಅದನ್ನು ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿತು, 1955ರಲ್ಲಿ ಬೆಂಗಳೂರಿಗೆ ಹೋಯಿತು. ಹೆಸರನ್ನು ದೆಹಲಿಯವರು ಇಟ್ಟುಕೊಂಡರು. ಮೇಷ್ಟ್ರ ಮನೆಯ ಸ್ವಾತಂತ್ರ್ಯವನ್ನು ಬಿಟ್ಟರು.

ತುಂಗಾತೀರ:
ಚರಿತ್ರೆ ಚೆನ್ನಾಗಿದೆ ಸರ್. ಆದರೆ ಖಾಸಗಿ ಕಂಪನಿ ಸೋತಿತು, ಮೇಷ್ಟ್ರ ಕೇಂದ್ರವೂ ಕೊನೆಗೆ ಸರ್ಕಾರದ ಮಡಿಲಿಗೇ ಬಿತ್ತು. ಇದು ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆಯಲ್ಲವೇ?

ನಿವೃತ್ತ ಉದ್ಘೋಷಕಿ:
ಮಾರಿಬಿಡಿ ಎನ್ನುವವರು ಒಮ್ಮೆ ಒಳಗಿನ ವ್ಯವಸ್ಥೆ ನೋಡಬೇಕು. ನಾನು ಆಕಾಶವಾಣಿಯ ಒಂದು ನಿಲಯದಲ್ಲಿ ಕೆಲಸ ಮಾಡಿದವಳು. ಕಾಯ್ದೆ ಬಂದ ಮೇಲೆ ನಾವು ಯಾರ ನೌಕರರು ಎಂಬುದೇ ವರ್ಷಗಟ್ಟಲೆ ಇತ್ಯರ್ಥವಾಗಲಿಲ್ಲ. 2007ರ ಅಕ್ಟೋಬರ್ 5ಕ್ಕೆ ಮೊದಲು ಸೇರಿದವರೆಲ್ಲ ಕೇಂದ್ರ ಸರ್ಕಾರಿ ನೌಕರರೇ, ಪ್ರಸಾರ ಭಾರತಿಯಲ್ಲಿ ಎರವಲು ಸೇವೆಯಲ್ಲಿದ್ದಾರೆ ಎಂದು ಕೊನೆಗೆ ಕಾಯ್ದೆಯನ್ನೇ ತಿದ್ದಿದರು. ಸ್ವಂತ ನೇಮಕಾತಿ ಮಂಡಳಿ ಆದದ್ದು 2020ರಲ್ಲಿ. ಅಲ್ಲಿಯವರೆಗೆ ಒಬ್ಬೊಬ್ಬರೇ ನಿವೃತ್ತರಾಗುತ್ತ ಹೋದರು, ಕುರ್ಚಿಗಳು ಖಾಲಿಯಾದವು. ನಿಲಯ ನಿರ್ದೇಶಕರ ಹುದ್ದೆಯಲ್ಲಿ ಪ್ರಭಾರಿಗಳು, ಮೈಕಿನ ಮುಂದೆ ದಿನಗೂಲಿ ಲೆಕ್ಕದ ತಾತ್ಕಾಲಿಕ ಉದ್ಘೋಷಕರು. ನಾಳೆ ಡ್ಯೂಟಿ ಸಿಗುತ್ತದೆಯೋ ಇಲ್ಲವೋ ಎಂದು ಅಂಜುವ ಹುಡುಗಿಗೆ ದಿಟ್ಟವಾಗಿ ಪ್ರಶ್ನೆ ಕೇಳು ಎಂದರೆ ಹೇಗೆ ಕೇಳುತ್ತಾಳೆ? ಸ್ವಾಯತ್ತತೆಯ ಮಾತು ಆಡುವವರು ದೆಹಲಿಯ ಮಂಡಳಿಯನ್ನು ಮಾತ್ರ ನೋಡುತ್ತಾರೆ. ಸ್ವಾಯತ್ತತೆ ಸಾಯುವುದು ಡ್ಯೂಟಿ ಪಟ್ಟಿಯಲ್ಲಿ.

ಕಲಂ ಇಪ್ಪತ್ತಮೂರು:
ಅಮ್ಮಾ, ನೀವು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕಾಯ್ದೆಯ 12ನೇ ಕಲಂ ಓದಿದರೆ ಮನಸ್ಸು ತುಂಬುತ್ತದೆ: ಸಾರ್ವಜನಿಕ ಹಿತದ ವಿಷಯಗಳನ್ನು ಮುಕ್ತವಾಗಿ, ಸತ್ಯವಾಗಿ, ವಸ್ತುನಿಷ್ಠವಾಗಿ ತಿಳಿಯುವ ಪ್ರಜೆಯ ಹಕ್ಕನ್ನು ಕಾಪಾಡುವುದು ಸಂಸ್ಥೆಯ ಉದ್ದೇಶಗಳಲ್ಲೊಂದು. ಮುಂದೆ ಓದುತ್ತ ಹೋದರೆ ಗಂಟುಗಳು ಕಾಣುತ್ತವೆ. ನಿಯಮ ಮಾಡುವ ಅಧಿಕಾರ ಕೇಂದ್ರಕ್ಕೆ. ಸಂಸ್ಥೆ ತನ್ನದೇ ಕೆಲವು ನಿಬಂಧನೆಗಳನ್ನು ಮಾಡಿಕೊಳ್ಳಲೂ ಕೇಂದ್ರದ ಪೂರ್ವಾನುಮತಿ. ಹಣಕ್ಕೆ ಅನುದಾನ.

ತಮಾಷೆಯ ವಿಷಯ 23ನೇ ಕಲಂ. ದೇಶದ ಸಮಗ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗೆ ಇಂಥದನ್ನು ಪ್ರಸಾರ ಮಾಡು, ಇಂಥದನ್ನು ಮಾಡಬೇಡ ಎಂದು ಸರ್ಕಾರ ನಿರ್ದೇಶನ ಕೊಡಬಹುದು. ಆದರೆ ಅದರ ಪ್ರತಿಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಎಂದರೆ ಬಾಯಿ ಮುಚ್ಚಿಸುವುದಾದರೂ ಬಹಿರಂಗವಾಗಿ ಮುಚ್ಚಿಸು ಎಂಬ ವ್ಯವಸ್ಥೆ. ಒಂದು ದೂರವಾಣಿ ಕರೆಯಲ್ಲಿ ಆಗುವ ಕೆಲಸಕ್ಕೆ ಯಾರು ಲಿಖಿತ ಆದೇಶ ಹೊರಡಿಸುತ್ತಾರೆ? 2017ರ ಸ್ವಾತಂತ್ರ್ಯ ದಿನ ತ್ರಿಪುರಾದ ಅಂದಿನ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣವನ್ನು ಬದಲಿಸದೆ ಪ್ರಸಾರ ಮಾಡುವುದಿಲ್ಲ ಎಂದು ದೂರದರ್ಶನ, ಆಕಾಶವಾಣಿಯವರು ಹೇಳಿದ್ದನ್ನು ನೆನಪಿಸಿಕೊಳ್ಳಿ.

ತುಂಗಾತೀರ:
ಅಂದರೆ ಈಗಿನ ಸರ್ಕಾರದ ತಪ್ಪು ಎನ್ನುತ್ತೀರಾ?

ಕಲಂ ಇಪ್ಪತ್ತಮೂರು:
ಯಾವ ಸರ್ಕಾರದ್ದೂ ಅಲ್ಲ ಎನ್ನಲಾರೆ, ಒಂದೇ ಸರ್ಕಾರದ್ದು ಎಂದೂ ಅಲ್ಲ. ಆಕಾಶವಾಣಿಯನ್ನೂ ಟಿವಿಯನ್ನೂ ಬೇರ್ಪಡಿಸಿ ನಿಗಮಗಳನ್ನಾಗಿಸಿ ಎಂದು ಎ.ಕೆ. ಚಂದಾ ನೇತೃತ್ವದ ಸಮಿತಿ ಅರವತ್ತರ ದಶಕದಲ್ಲೇ ಹೇಳಿತ್ತು. 1976ರಲ್ಲಿ ಎರಡನ್ನೂ ಬೇರ್ಪಡಿಸಿದರು, ಆದರೆ ಎರಡೂ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೈಯಲ್ಲೇ ಉಳಿದವು. ಅದು ತುರ್ತು ಪರಿಸ್ಥಿತಿಯ ಕಾಲ. ಜನ "ಆಲ್ ಇಂದಿರಾ ರೇಡಿಯೋ" ಎಂದು ಕರೆಯುತ್ತಿದ್ದರು. ಜನತಾ ಸರ್ಕಾರ ಬಂದಾಗ ವರ್ಗೀಸ್ ಸಮಿತಿ "ಆಕಾಶ ಭಾರತಿ" ಎಂಬ ಸ್ವತಂತ್ರ ನ್ಯಾಸ (ಟ್ರಸ್ಟ್) ಬೇಕೆಂದಿತು. 1979ರ ಮಸೂದೆ ಅದಕ್ಕಿಂತ ತೆಳ್ಳಗಾಗಿ ಬಂತು, ಸರ್ಕಾರವೇ ಬಿದ್ದಾಗ ಅದೂ ಬಿತ್ತು. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರಿಗೂ ಸ್ವಾಯತ್ತತೆ ಬೇಕು.

ಬಿಸಿಲನಾಡು:
ದೂರದರ್ಶನ ಮಾರಿಬಿಡಿ ಎಂಬ ಮಾತನ್ನು ನಮ್ಮ ಕಡೆ ಬಂದು ಹೇಳಿ ನೋಡಿ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿಗೇ ಆಗ ಟಿವಿ ಇರಲಿಲ್ಲ! ನಮಗೆ ಬರುತ್ತಿದ್ದ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ಜಾಹೀರಾತಿನ ಲೆಕ್ಕ ನೋಡುವ ಯಾವ ಮಾಲೀಕ ಮೊದಲು ನಮ್ಮ ಹಳ್ಳಿಗೆ ಬರುತ್ತಿದ್ದ? ಇಂದಿಗೂ ತಿಂಗಳ ಬಾಡಿಗೆಯಿಲ್ಲದೆ ದೂರದರ್ಶನದ ಡಿಡಿ ಫ್ರೀ ಡಿಶ್ ನೋಡುವ ಮನೆಗಳು ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು. ಅದರಲ್ಲಿ ಜಾಗ ಹಿಡಿಯಲು ಖಾಸಗಿ ವಾಹಿನಿಗಳು ಹರಾಜಿನಲ್ಲಿ ಹಣ ಸುರಿಯುತ್ತವೆ.

ತುಂಗಾತೀರ:
ಹಣ ಬರುತ್ತಿದೆಯೆಂದರೆ ಅನುದಾನ ಬಿಟ್ಟು ಬದುಕಲಿ. ಬಿಬಿಸಿಯ ಹಾಗೆ ಕೇಳುಗರೇ ಲೈಸೆನ್ಸ್ ಹಣ ಕೊಡಲಿ. ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸುತ್ತಿದ್ದ ಕಾಲ ನಮ್ಮಲ್ಲೂ ಇತ್ತಲ್ಲ.

ಒಂಟಿಕೊಪ್ಪಲಿನವನು:
ಇತ್ತು, ಎಂಬತ್ತರ ದಶಕದಲ್ಲಿ ಕೈಬಿಟ್ಟರು. ಮತ್ತೆ ತರುವ ಧೈರ್ಯ ಯಾವ ಹಣಕಾಸು ಮಂತ್ರಿಗೂ ಇಲ್ಲ. ಬರಿಯ ಹಣದಿಂದ ಎಲ್ಲ ಸರಿಹೋಗುತ್ತದೆ ಎಂಬುದನ್ನೂ ನಾನು ನಂಬುವುದಿಲ್ಲ. ಲೈಸೆನ್ಸ್ ಹಣ ಬರುತ್ತಿದ್ದ ಕಾಲದಲ್ಲೇ ಸಚಿವ ಬಿ.ವಿ. ಕೇಸ್ಕರ್ ತಮ್ಮ ಅಭಿರುಚಿಗೆ ಒಗ್ಗದ ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ಹೊರಗಟ್ಟಿದರು. ಕೇಳುಗರು ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಆ ಪೆಟ್ಟು ತಿಂದ ಮೇಲೆ. ಹಣ ಕೇಳುಗರದಾಗಿತ್ತು, ಕಿವಿ ಮಾತ್ರ ಮಂತ್ರಿಯದು.

ನಿವೃತ್ತ ಉದ್ಘೋಷಕಿ:
ಒಪ್ಪುತ್ತೇನೆ, ಆದರೆ ಹಣವನ್ನು ಅಷ್ಟು ಹಗುರವಾಗಿ ನೋಡಬೇಡಿ. 2018ರಲ್ಲಿ ಪ್ರಸಾರ ಭಾರತಿಯ ಅಂದಿನ ಅಧ್ಯಕ್ಷ ಎ. ಸೂರ್ಯಪ್ರಕಾಶ್ ಅವರೇ, ಸಚಿವಾಲಯ ಸಂಬಳದ ಹಣ ತಡೆದದ್ದರಿಂದ ಆಪತ್ತಿನ ನಿಧಿಯಿಂದ ಸಂಬಳ ಕೊಡಬೇಕಾಯಿತು ಎಂದು ಹೇಳಿದ್ದರು. ಸಚಿವಾಲಯ ಅದನ್ನು ಅಲ್ಲಗಳೆಯಿತು. ಯಾರ ಮಾತು ನಿಜವಾದರೂ ಅಂಥ ಜಗಳ ನಡೆಯಲು ಸಾಧ್ಯವಿದೆ ಎಂಬುದೇ ಸಾಕು.

ಕಲಂ ಇಪ್ಪತ್ತಮೂರು:
ಅದಕ್ಕೇ ಕಾಯ್ದೆಯ 13ನೇ ಕಲಂ ಕಡೆಗೆ ಎಲ್ಲರ ಗಮನ ಸೆಳೆಯುತ್ತೇನೆ. ಸಂಸ್ಥೆಯ ಮೇಲ್ವಿಚಾರಣೆಗೆ ಸಂಸತ್ತಿನ 22 ಸದಸ್ಯರ ಸಮಿತಿ ಇರಬೇಕು: ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಜನರ ದೂರು ಕೇಳಲು ಪ್ರಸಾರ ಪರಿಷತ್ತು ಬೇರೆ. ಸಮಿತಿಯನ್ನು ಯಾವ ಸರ್ಕಾರವೂ ರಚಿಸಿಲ್ಲ. ಹೊಸ ಕಾನೂನು, ಮಾರಾಟ, ಲೈಸೆನ್ಸ್ ಎಲ್ಲಕ್ಕೂ ಮೊದಲು, ಇರುವ ಕಾನೂನನ್ನು ಪೂರ್ತಿ ಜಾರಿ ಮಾಡಿ ಎಂದು ಕೇಳೋಣ.

ತುಂಗಾತೀರ:
22 ಸಂಸದರೆಂದರೆ ಬಹುಮತ ಆಳುವ ಪಕ್ಷದ್ದೇ. ಒಂದು ಯಜಮಾನಿಕೆಯ ಬದಲು 22. ನನಗಿನ್ನೂ ನಂಬಿಕೆ ಬಂದಿಲ್ಲ.

ಬಿಸಿಲನಾಡು:
22 ಜನರಲ್ಲಿ ಏಳೆಂಟು ಮಂದಿಯಾದರೂ ವಿರೋಧ ಪಕ್ಷದವರಿರುತ್ತಾರೆ, ಅವರು ಕೇಳಿದ್ದು ದಾಖಲೆಗೆ ಸೇರುತ್ತದೆ. ದೂರವಾಣಿ ಕರೆ ದಾಖಲೆಗೆ ಸೇರುವುದಿಲ್ಲ. ನಮ್ಮ ಸಂಸದರಿಗೆ ಈ ಸಮಿತಿ ಏಕಿಲ್ಲ ಎಂದು ಪತ್ರ ಬರೆಯುತ್ತಿದ್ದೇನೆ. ಕಲಂ ಸಂಖ್ಯೆ 13 ತಾನೇ?