ಪದಚರ್ಚೆ: ಚೆಂಡೆಸೆಯುವ ಯಂತ್ರಕ್ಕೂ ಎದುರು ತಂಡದವರ ಛೇಡಿಕೆಗೂ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಎರಡು ಪದಗಳಿಗಾಗಿ ನಿಮ್ಮ ನೆರವು ಬೇಕಾಗಿದೆ. ಎರಡೂ ಒಂದೇ ಮಾತಿನಿಂದ ಹುಟ್ಟಿದ ತೊಡಕುಗಳು. ಆದ್ದರಿಂದ ಒಟ್ಟಿಗೇ ಕೇಳುತ್ತಿದ್ದೇನೆ.

2022ರಲ್ಲಿ ನನ್ನ ಮಗಳು ಅಮೆರಿಕದ ಅಯೋವಾ ಸಿಟಿಯಲ್ಲಿ ಓದುತ್ತಿದ್ದಳು. ನನ್ನ ತಂಗಿಯ ಮಗ ಅದೇ ರಾಜ್ಯದ ಏಮ್ಸ್ ಊರಿನಲ್ಲಿದ್ದ. ಇವಳದು ಅಯೋವಾ ವಿಶ್ವವಿದ್ಯಾಲಯ, ಅವನದು ಅಯೋವಾ ಸ್ಟೇಟ್. ಇವಳ ತಂಡ ಹಾಕೈಸ್, ಅವನ ತಂಡ ಸೈಕ್ಲೋನ್ಸ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಈ ಎರಡು ತಂಡಗಳ ಜಿದ್ದು 1894ರಷ್ಟು ಹಳೆಯದು. ನಡುವೆ, 1934ರ ಪಂದ್ಯದ ಬಳಿಕ 1977ರವರೆಗೆ, ಒಬ್ಬರ ಎದುರು ಒಬ್ಬರು ಆಡಲೇ ಇಲ್ಲ ಎಂದರೆ ಅದು ಎಂಥ ಜಿದ್ದು ಎಂದು ಊಹಿಸಿಕೊಳ್ಳಿ. 2022ರ ಸೆಪ್ಟೆಂಬರಿನಲ್ಲಿ ಅಯೋವಾ ತಂಡ ತನ್ನ ಮೊದಲ ಪಂದ್ಯವನ್ನು 7–3ರಿಂದ ಗೆದ್ದಿತ್ತು, ಆದರೆ ಒಂದೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸಿ ಅಂಕ ಗಳಿಸುವುದು) ಇಲ್ಲದೆ. ಮುಂದಿನ ವಾರ ತನ್ನದೇ ಅಂಗಳದಲ್ಲಿ ಅಯೋವಾ ಸ್ಟೇಟ್ ಎದುರು 10–7ರಿಂದ ಸೋತಿತು. ಅಂದು ಸಂಜೆ ನನ್ನ ತಂಗಿಯ ಮಗ ಫೋನಿನಲ್ಲಿ ಮಗಳಿಗೆ ಹೇಳಿದ: "ನಿಮ್ಮಲ್ಲಿ ಗುರಿ ತಪ್ಪದೆ ಎಸೆಯುವವನು ಒಬ್ಬನಿದ್ದಾನೆ. ಪಾಪ, ಅವನಿಗೆ ಜೆರ್ಸಿ ಹೊಲಿಸಿಲ್ಲ." ಅವನು ಹೇಳಿದ್ದು ಅಯೋವಾ ತಂಡ ಅಭ್ಯಾಸಕ್ಕೆ ಬಳಸುವ, ಚೆಂಡೆಸೆಯುವ ರೋಬಾಟ್ ಬಗ್ಗೆ. ಇವಳು ಸುಮ್ಮನಿರಲಿಲ್ಲ: "ಬೇಕಾದರೆ ನಿಮಗೂ ಎರವಲು ಕೊಡುತ್ತೇವೆ. ಅದು ಎಸೆದದ್ದನ್ನು ಹಿಡಿಯುವವರು ನಿಮ್ಮಲ್ಲಿ ಯಾರಿದ್ದಾರೆ?"

ಹಾಸನದಿಂದ ಅದೇ ಕರೆಯಲ್ಲಿದ್ದ ನನ್ನ ತಾಯಿ, "ಮಕ್ಕಳು ಯಾಕೆ ಹಾಗೆ ನಗುತ್ತಿದ್ದಾರೆ?" ಎಂದು ಕೇಳಿದರು. ವಿವರಿಸಲು ಹೊರಟ ನನಗೆ ಎರಡು ಕಡೆ ಮಾತು ನಿಂತಿತು. ಯಂತ್ರಕ್ಕೆ ಹೆಸರಿರಲಿಲ್ಲ. ಮಕ್ಕಳು ಮಾಡುತ್ತಿದ್ದ ಕೆಲಸಕ್ಕೂ ಹೆಸರಿರಲಿಲ್ಲ. ಈಗ ನಮ್ಮ ಕನ್ನಡ ಕೂಟದ ಸಂಚಿಕೆಗೆ ಈ ಆಟದ ಬಗ್ಗೆ ಬರೆಯಲು ಕುಳಿತಿದ್ದೇನೆ, ಮತ್ತೆ ಅಲ್ಲೇ ನಿಂತಿದ್ದೇನೆ.

ಮೊದಲು ಯಂತ್ರ. ಈ ಆಟವನ್ನು ಕಾಲ್ಚೆಂಡು ಎಂದರೆ ಓದುಗರು ದಾರಿ ತಪ್ಪುತ್ತಾರೆ, ಏಕೆಂದರೆ ಇದರ ಜೀವ ಇರುವುದು ಕೈಯಲ್ಲಿ. ಎರಡೂ ತುದಿ ಚೂಪಾದ ಚೆಂಡನ್ನು ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕು. 1906ರವರೆಗೆ ಹಾಗೆ ಮುಂದಕ್ಕೆ ಎಸೆಯಲು ನಿಯಮದಲ್ಲಿ ಅವಕಾಶವೇ ಇರಲಿಲ್ಲ. ಗುಂಪುಗಟ್ಟಿ ನುಗ್ಗುವ ಆಟದಲ್ಲಿ ಹುಡುಗರು ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ನಿಯಮ ಬದಲಾಯಿತು. ಈ ಎಸೆತಕ್ಕೆ ನಾನು 'ಮುನ್ನೆಸೆತ' ಎಂದು ಬರೆದುಕೊಂಡಿದ್ದೇನೆ. ಮುನ್ನಡೆ, ಮುನ್ನೋಟ ಇರುವ ಕಡೆ ಇದೂ ಇರಬಹುದು ಎಂಬುದು ನನ್ನ ಎಣಿಕೆ. ಬರಿಯ 'ಎಸೆತ' ಸಾಲದು. ಪತ್ರಿಕೆಗಳು ಅದನ್ನು ಕ್ರಿಕೆಟ್ ಬೌಲರ್‌ಗೆ ಬರೆದುಕೊಟ್ಟಾಗಿದೆ.

ಎಸೆಯುವ ಯಂತ್ರಗಳಲ್ಲಿ ಎರಡು ಬಗೆ ಇವೆ, ಇವೆರಡಕ್ಕೂ ಒಂದೇ ಹೆಸರು ಹೊಂದುವುದಿಲ್ಲ. ಹಳೆಯದು ಜಗ್ಸ್ ಕಂಪನಿಯದು. ಅದರಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಎರಡು ಗಾಲಿಗಳಿರುತ್ತವೆ. ಗಾಣದ ಉರುಳೆಗಳ ನಡುವೆ ಕಬ್ಬು ಸಿಕ್ಕುವಂತೆ ಚೆಂಡು ಅವುಗಳ ನಡುವೆ ಸಿಕ್ಕಿ, ಆಚೆಯಿಂದ ಬಾಣದಂತೆ ಚಿಮ್ಮುತ್ತದೆ. ಗಾಲಿಗಳನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಚೆಂಡು ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗುತ್ತ ಹೋಗುತ್ತದೆ. ಹಾಗೆ ತಿರುಗಿದರೇನೇ ಅದು ಅಲುಗಾಡದೆ ದೂರ ಸಾಗುವುದು. ಈ ಯಂತ್ರಕ್ಕೆ ಕಣ್ಣಿಲ್ಲ. ನಾವು ತಿರುಗಿಸಿಟ್ಟ ಕಡೆಗೆ ಎಸೆಯುತ್ತದೆ, ಅಷ್ಟೇ. ಇದಕ್ಕೆ 'ಎಸೆಗಾಲಿ' ಎಂಬ ಪದ ನನಗೆ ತೃಪ್ತಿ ಕೊಟ್ಟಿದೆ. ಕೇಳಿದ ಕೂಡಲೇ ಯಂತ್ರದ ಚಿತ್ರ ಕಣ್ಣೆದುರು ಬರುತ್ತದೆ.

ತೊಡಕು ಇರುವುದು ಎರಡನೆಯದರಲ್ಲಿ. ಮೊನಾರ್ಕ್ ಕಂಪನಿಯ ಸೀಕರ್ ಎಂಬ ಈ ರೋಬಾಟ್, ಆಟಗಾರನ ಮೈಮೇಲಿನ ಪುಟ್ಟ ಬಿಲ್ಲೆಯ ನೆರವಿನಿಂದ ಅವನು ಎಲ್ಲಿ ಓಡುತ್ತಿದ್ದಾನೆ ಎಂಬುದನ್ನು ಕ್ಷಣಕ್ಷಣವೂ ಗಮನಿಸುತ್ತದೆ. ಎಸೆಯುವುದು ಅವನಿರುವ ಜಾಗಕ್ಕಲ್ಲ, ಚೆಂಡು ತಲುಪುವ ಹೊತ್ತಿಗೆ ಅವನು ಇರಬೇಕಾದ ಜಾಗಕ್ಕೆ. ಜೊತೆಗೆ ಯಾರೂ ಇಲ್ಲದಿದ್ದರೂ ಹುಡುಗನೊಬ್ಬ ಒಬ್ಬನೇ ನೂರಾರು ಸಲ ಓಡಿ ಹಿಡಿದು ಅಭ್ಯಾಸ ಮಾಡಬಹುದು. ಹೆಸರಿನ ಅರ್ಥ 'ಅರಸುವವನು' ಎಂದು. ಆದರೆ 'ಅರಸುಗ' ಎಂದರೆ ನಮ್ಮ ಕಿವಿಗೆ ಅರಸನೇ ಕೇಳಿಸುತ್ತಾನೆ. ಹಳಗನ್ನಡದಲ್ಲಿ ಬಾಣ ಬಿಡುವುದಕ್ಕೆ 'ಎಸು' ಎಂಬ ಕ್ರಿಯಾಪದವಿತ್ತು. 'ಎಚ್ಚನು' ಎಂಬ ಅದರ ಭೂತಕಾಲದ ರೂಪವನ್ನು ಕಾವ್ಯ ಓದಿದವರೆಲ್ಲರೂ ಬಲ್ಲಿರಿ. ಓಡುವ ಗುರಿಯನ್ನು ಕಂಡು, ಅದು ಮುಂದೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ ಬಿಡುವುದು ಬಿಲ್ಲುಗಾರನ ಕೆಲಸವೇ ಅಲ್ಲವೇ? ಓದುಗ, ಕೇಳುಗ, ನೋಡುಗ ಇರುವಂತೆ ಇದನ್ನು 'ಎಸುಗ' ಎನ್ನಬಹುದೇ? ಯಂತ್ರವಾದರೆ 'ಯಂತ್ರ ಎಸುಗ', ತಂಡದಲ್ಲಿ ಚೆಂಡೆಸೆಯುವ ಆಟಗಾರನಾದರೆ ಬರಿಯ 'ಎಸುಗ'. ಹಾಗಾದರೆ ಕ್ವಾರ್ಟರ್‌ಬ್ಯಾಕ್‌ಗೂ ಒಂದು ಪದ ಸಿಕ್ಕಂತಾಯಿತು. ಹಳಗನ್ನಡ ಬಲ್ಲವರು ಇದರಲ್ಲಿ ವ್ಯಾಕರಣದ ದೋಷವಿದ್ದರೆ ದಯವಿಟ್ಟು ತಿದ್ದಬೇಕು.

ಇನ್ನೊಂದು ಯಂತ್ರದ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಡಾರ್ಟ್‌ಮತ್ ಕಾಲೇಜಿನ ತರಬೇತುದಾರ ಬಡ್ಡಿ ಟೀವನ್ಸ್ 2010ರಲ್ಲಿ ತಮ್ಮ ಹುಡುಗರು ಅಭ್ಯಾಸದ ವೇಳೆ ಒಬ್ಬರನ್ನೊಬ್ಬರು ಕೆಡವುವುದನ್ನೇ ನಿಲ್ಲಿಸಿದರು. ತಲೆಗೆ ಪೆಟ್ಟಾಗದಿರಲಿ ಎಂಬುದು ಅವರ ಕಾಳಜಿ. ಆಮೇಲೆ ಅಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂಗಳದಲ್ಲಿ ಓಡಾಡುವ ಗೊಂಬೆಯೊಂದನ್ನು ಮಾಡಿಕೊಟ್ಟರು. ಹುಡುಗರು ಅದನ್ನು ಬೆನ್ನಟ್ಟಿ ಕೆಡವುತ್ತಾರೆ, ಅದು ತಾನಾಗಿ ಎದ್ದು ನಿಲ್ಲುತ್ತದೆ. ಇದಕ್ಕೆ ಪದ ಹುಡುಕುವ ಕಷ್ಟವೇ ಬೀಳಲಿಲ್ಲ: ಓಡುವ ಬೆರ್ಚಪ್ಪ.

ಇನ್ನು ಎರಡನೆಯ ಪದ. ನಿಜವಾಗಿ ನನ್ನನ್ನು ಕಾಡುತ್ತಿರುವುದು ಇದೇ.

ಎದುರು ತಂಡದವರನ್ನು ಮಾತಿನಲ್ಲಿ ಚುಚ್ಚುವುದಕ್ಕೆ ನಮ್ಮಲ್ಲಿ ಪದಗಳ ಬರವಿಲ್ಲ. ಗೇಲಿ, ಲೇವಡಿ, ಕುಚೋದ್ಯ, ಹಂಗಿಸು, ಹೀಯಾಳಿಸು, ಕಿಚಾಯಿಸು, ಕೆಣಕು ಎಲ್ಲವೂ ಇವೆ. ಆದರೆ ಒಂದೊಂದನ್ನೂ ನಾಲಿಗೆಯ ಮೇಲಿಟ್ಟು ನೋಡಿ. ಹೀಯಾಳಿಸುವವನು ಮೇಲೆ ನಿಂತಿರುತ್ತಾನೆ, ಕೇಳುವವನು ಕೆಳಗೆ. ಲೇವಡಿಗೆ ಒಳಗಾದವನು ತಿರುಗಿ ಉತ್ತರ ಕೊಡುವ ಚಿತ್ರ ಮನಸ್ಸಿಗೆ ಬರುವುದಿಲ್ಲ. 'ಕಾಲೆಳೆಯುವುದು' ಸಲಿಗೆಯ ಮಾತು ನಿಜ, ಆದರೆ ನನಗೆ ಅದು ಇಂಗ್ಲಿಷಿನ ವಾಸನೆ ಹೊಡೆಯುತ್ತದೆ. 'ಮೂದಲೆ' ಗಟ್ಟಿಯಾದ ಹಳೆಯ ಪದ. ಆದರೆ ಕೊಳದಲ್ಲಿ ಅಡಗಿದ ದುರ್ಯೋಧನನನ್ನು ಭೀಮ ಮೂದಲಿಸಿದ್ದು ತೊಡೆ ಮುರಿಯಲು, ನಗಲು ಅಲ್ಲ. 'ವಾಕ್ಸಮರ'ವನ್ನು ರಾಜಕಾರಣಿಗಳಿಗೇ ಬಿಡೋಣ.

ನನಗೆ ಬೇಕಾದ ಪದದಲ್ಲಿ ಮೂರು ಗುಣ ಒಟ್ಟಿಗಿರಬೇಕು. ಮಾತು ಎರಡೂ ಕಡೆಯಿಂದ ಹೋಗಬೇಕು, ಚುಚ್ಚಬೇಕು, ಆದರೂ ಮರುದಿನ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವಂತಿರಬೇಕು. ಅಮೆರಿಕದ ಕಾಲೇಜು ಆಟದಲ್ಲಿ ಇದು ಒಂದು ಸಂಸ್ಕೃತಿಯೇ ಆಗಿದೆ. ಒಹಾಯೊ ಸ್ಟೇಟ್ ಕಡೆಯವರು ಮಿಷಿಗನ್ ಹೆಸರೆತ್ತದೆ "ಉತ್ತರದ ಆ ತಂಡ" ಎನ್ನುತ್ತಾರೆ. ಪಂದ್ಯದ ವಾರ ತಮ್ಮ ಕ್ಯಾಂಪಸ್ಸಿನ ಫಲಕಗಳಲ್ಲಿರುವ 'ಎಂ' ಅಕ್ಷರಗಳ ಮೇಲೆಲ್ಲ ಕೆಂಪು ಪಟ್ಟಿಯಿಂದ ಅಡ್ಡಗೆರೆ ಎಳೆಯುತ್ತಾರೆ. ಇದನ್ನು ಮೊದಲು ಓದಿದಾಗ ಗಂಡನ ಹೆಸರು ಹೇಳದ ನಮ್ಮ ಅಜ್ಜಿಯರು ನೆನಪಾದರು. ಅಲ್ಲಿ ಗೌರವ, ಇಲ್ಲಿ ಹಟ. ಆದರೆ ಹೆಸರೆತ್ತದಿರುವುದರಿಂದಲೇ ಆ ಹೆಸರು ಹೆಚ್ಚು ಕೇಳಿಸುವುದು ಎರಡು ಕಡೆಯೂ ಒಂದೇ.

ಇಂಥ ಮಾತು ಕೆಲವೊಮ್ಮೆ ನಿಜವಾದ ಹಗೆಯನ್ನೂ ತಣಿಸುತ್ತದೆ. 1934ರ ಪಂದ್ಯದಲ್ಲಿ ಅಯೋವಾದ ಕಪ್ಪುವರ್ಣೀಯ ಆಟಗಾರ ಆಜಿ ಸಿಮನ್ಸ್ ಅವರನ್ನು ಮಿನೆಸೋಟ ತಂಡ ಬಹಳ ಒರಟಾಗಿ ಬಡಿದುಹಾಕಿತು. ಮರುವರ್ಷದ ಪಂದ್ಯ ಬಂದಾಗ ಅಯೋವಾದ ಜನ ಕುದಿಯುತ್ತಿದ್ದರು. ಆಗ ಮಿನೆಸೋಟದ ಗವರ್ನರ್ ಫ್ಲಾಯ್ಡ್ ಓಲ್ಸನ್, ಅಯೋವಾದ ಗವರ್ನರ್ ಕ್ಲೈಡ್ ಹೆರಿಂಗ್ ಅವರಿಗೆ ತಂತಿ ಕಳಿಸಿ ಹಂದಿಯೊಂದನ್ನು ಪಣಕ್ಕೆ ಇಟ್ಟರು. ಮಿನೆಸೋಟ ಗೆದ್ದಿತು, ಹೆರಿಂಗ್ ಹಂದಿಯನ್ನು ಒಪ್ಪಿಸಿದರು. ಆ ಹಂದಿಯ ಕಂಚಿನ ಪ್ರತಿಮೆಗಾಗಿಯೇ ಇಂದಿಗೂ ಎರಡು ತಂಡಗಳು ಸೆಣಸುತ್ತವೆ. ಓಲ್ಸನ್ ಆ ತಂತಿಯಲ್ಲಿ ಮಾಡಿದ ಕೆಲಸಕ್ಕೆ ಲೇವಡಿ ಎಂಬ ಪದವನ್ನು ಬಳಸಲು ನನಗೆ ಕೈ ಬರುವುದಿಲ್ಲ.

ಅಂದು ಫೋನಿನಲ್ಲಿ ನಾನು ತಡವರಿಸುತ್ತಿದ್ದಾಗ ನನ್ನ ತಾಯಿಯೇ ದಾರಿ ತೋರಿಸಿದರು. "ಓಹೋ, ಇದು ಬೀಗರ ಹಾಡು" ಎಂದರು. ಮದುವೆಯ ಮನೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನೂ, ಅವರು ಇವರನ್ನೂ ಹಾಡಿನಲ್ಲಿ ಜರೆಯುತ್ತಾರಲ್ಲ, ಅದು. ಬೀಗಿತ್ತಿಯ ಮೂಗು, ನಡಿಗೆ, ಊಟದ ಅಳತೆ ಯಾವುದನ್ನೂ ಬಿಡುವುದಿಲ್ಲ, ಯಾರೂ ಮುನಿಸಿಕೊಳ್ಳುವಂತಿಲ್ಲ. ನನಗೆ ಬೇಕಾದ ಮೂರು ಗುಣಗಳೂ ಅದರಲ್ಲಿವೆ. ಅಲ್ಲದೆ ನನ್ನ ಮಗಳೂ ತಂಗಿಯ ಮಗನೂ ಮಾವನ ಮಗಳು, ಅತ್ತೆಯ ಮಗ. ಅವರ ನಡುವೆ ಇಂಥ ಮಾತಿಗೆ ಹಿರಿಯರು ಮೊದಲಿನಿಂದಲೂ ಅನುಮತಿ ಕೊಟ್ಟಿದ್ದಾರೆ.

ಆದರೆ 'ಬೀಗರ ಹಾಡು' ಎಂಬುದನ್ನು ಫುಟ್‌ಬಾಲ್ ಬರಹದಲ್ಲಿ ಹಾಗೆಯೇ ಇಟ್ಟರೆ ಓದುಗರು ಮದುವೆಯನ್ನು ಹುಡುಕುತ್ತಾರೆ. 'ಬೀಗಜರೆ' ಎಂದು ಸಮಾಸ ಮಾಡಿ ನೋಡಿದೆ, ಒಗ್ಗಲಿಲ್ಲ. 'ಸರಸ' ಎಂದರೆ ಈಗಿನವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಸದ್ಯಕ್ಕೆ 'ಛೇಡಿಕೆ' ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿಟ್ಟಿದ್ದೇನೆ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಬೆಳಗಾವಿ, ಕಲಬುರಗಿ ಕಡೆ ಮದುವೆಯ ಮನೆಯ ಈ ಜರೆಯುವ ಆಟಕ್ಕೆ, ಅಥವಾ ಎರಡು ಊರುಗಳ ಕಬಡ್ಡಿ ತಂಡದವರು ಪಂದ್ಯಕ್ಕೆ ಮುನ್ನ ಮಾಡುವ ಮಾತಿನ ಕೆಣಕಾಟಕ್ಕೆ ಯಾವ ಪದ ಬಳಕೆಯಲ್ಲಿದೆ? ಪದದ ಜೊತೆಗೆ, ಅದನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ಸಂಚಿಕೆಯ ಕರಡು ಇನ್ನೂ ನನ್ನ ಬಳಿಯೇ ಇದೆ.