ಮನೆಯ ದೀಪಗಳು: ಬೆಳಕಿನ ವ್ಯವಸ್ಥೆಯ ಇಂಜಿನಿಯರರೊಂದಿಗೆ ಪ್ರಶ್ನೋತ್ತರ

ಹಾಸನದ ಸದಸ್ಯೆ: ನಮಸ್ಕಾರ ಸರ್. ಮಲಗುವ ಕೋಣೆಗೆ ಹಳದಿ ಬೆಳಕು ಒಳ್ಳೆಯದೋ, ಬಿಳಿಯದೋ?

ಇಂಜಿನಿಯರ್: ನಮಸ್ಕಾರ ಮೇಡಂ. ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣವನ್ನು ತಿಳಿಸುವ ಕೆಲ್ವಿನ್ ಲೆಕ್ಕ ಬರೆದಿರುತ್ತದೆ. 2700 ಅಥವಾ 3000 ಇರುವ ಹಳದಿ ಬೆಳಕನ್ನು ಆರಿಸಿ. 6500ರ ಬಿಳಿ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚಿರುವುದರಿಂದ ನಿದ್ದೆ ತಡವಾಗಬಹುದು.

ತುಮಕೂರಿನ ಸದಸ್ಯ: ಹಾಲ್‌ನ ಫಾಲ್ಸ್ ಸೀಲಿಂಗಿನ ಪಟ್ಟಿ ದೀಪ ಟಿವಿ ನೋಡುವಾಗ ಕಣ್ಣಿಗೆ ಹೊಡೆಯುತ್ತದೆ. ಏನು ಮಾಡಬಹುದು?

ಶಿರಸಿಯ ಸದಸ್ಯ: ಸರ್, ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಹೋದ ತಿಂಗಳು ಅವಳ ಕೋಣೆಗೆ ಅಗ್ಗದ ಎಲ್‌ಇಡಿ ಟ್ಯೂಬ್‌ಲೈಟ್ ಹಾಕಿಸಿದ ಮೇಲೆ ರಾತ್ರಿ ಅರ್ಧ ಗಂಟೆ ಓದಿದರೆ ತಲೆನೋವು ಬರುತ್ತದೆ, ಹಗಲಿನಲ್ಲಿ ಬರುವುದಿಲ್ಲ. ಕಣ್ಣಿನ ವೈದ್ಯರು ದೃಷ್ಟಿ ಸರಿಯಾಗಿದೆ ಎಂದಿದ್ದಾರೆ.

ಇಂಜಿನಿಯರ್: ನೀವು ಬರೆದಿರುವುದನ್ನು ಎರಡು ಸಲ ಓದಿದೆ, ನನಗೆ ದೀಪದ ಮೇಲೆಯೇ ಅನುಮಾನ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಜ್‌ನದು. ಅಂದರೆ ಅದು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಪ್ರತಿ ಆವರ್ತದಲ್ಲಿ ಎರಡು ಸಲ ಏರಿಳಿಯುತ್ತದೆ. ದೀಪದೊಳಗಿನ ಡ್ರೈವರ್, ಅಂದರೆ ವಿದ್ಯುತ್ತನ್ನು ಎಲ್‌ಇಡಿಗೆ ತಕ್ಕಂತೆ ಹದಗೊಳಿಸುವ ಭಾಗ, ಕಳಪೆಯಾಗಿದ್ದರೆ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಆ ಮಿಣುಕು ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ, ಅದರಲ್ಲೂ ಮೈಗ್ರೇನ್ ಇರುವವರಿಗೆ, ತಲೆನೋವು ತರುತ್ತದೆ. ಇಂದು ರಾತ್ರಿ ಆ ದೀಪವೊಂದನ್ನೇ ಉರಿಸಿ, ಬಿಳಿ ಗೋಡೆಯನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಗೋಡೆ ಮಿಟುಕಿದಂತೆ ಅಥವಾ ಪಟ್ಟೆ ಪಟ್ಟೆಯಾಗಿ ಕಂಡರೆ ದೀಪವನ್ನು ಬದಲಿಸಿ. ಬದಲಿಸಿದ ಮೇಲೂ ನೋವು ನಿಲ್ಲದಿದ್ದರೆ ತಡಮಾಡದೆ ಮತ್ತೆ ವೈದ್ಯರಿಗೆ ತೋರಿಸಿ.

ಮೈಸೂರಿನ ಸದಸ್ಯ: ವಾಟ್ಸ್ಯಾಪಿನಲ್ಲಿ ಬಂದದ್ದು: ‘ಎಲ್‌ಇಡಿಯಿಂದ ಕುರುಡುತನ ಖಚಿತ. ದಿನವೂ ಅರ್ಧ ಗಂಟೆ ತುಪ್ಪದ ದೀಪವನ್ನು ದಿಟ್ಟಿಸಿದರೆ ತಲೆನೋವು ಮಾಯ.’

ಇಂಜಿನಿಯರ್: ಇದನ್ನು ಆ ಹುಡುಗಿಯ ಮೇಲೆ ಪ್ರಯೋಗಿಸಬೇಡಿ. ಮಿಣುಕಿನಿಂದ ತಲೆ ನೋಯುತ್ತಿರುವವಳನ್ನು ಅಲುಗುವ ಜ್ವಾಲೆಯ ಮುಂದೆ ಕೂರಿಸುವುದು ಮದ್ದಲ್ಲ. ಇಂಥವನ್ನು ಇಲ್ಲಿಗೆ ಕಳಿಸಬೇಡಿ.

ಮೈಸೂರಿನ ಸದಸ್ಯ: ಹಳೆಯದೆಲ್ಲ ತಪ್ಪೇ? 60 ವ್ಯಾಟಿನ ಬುರುಡೆ ದೀಪದಲ್ಲಿ ಓದಿದ ನಮಗೆ ಯಾವ ತಲೆನೋವೂ ಬರಲಿಲ್ಲ.

ಧಾರವಾಡದ ಸದಸ್ಯೆ: ಆ ಬೆಳಕನ್ನೇ ಈಗ 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಕರೆಂಟ್ ಬಿಲ್ಲನ್ನು ನೀವು ಕಟ್ಟುತ್ತೀರಾ?

ಮೈಸೂರಿನ ಸದಸ್ಯ: ನಾನು ನಿಮ್ಮನ್ನು ಕೇಳಲಿಲ್ಲ.

ಇಂಜಿನಿಯರ್: ಬುರುಡೆ ದೀಪದ ತಂತಿ ಬೇಗ ತಣಿಯದ ಕಾರಣ ಅದರ ಮಿಣುಕು ಕಡಿಮೆ, ಆ ಮಾತು ನಿಜ. ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿಯಲ್ಲಿಯೂ ಅದು ಕಡಿಮೆಯೇ. ಜಗಳ ಸಾಕು.

ಮಂಡ್ಯದ ಸದಸ್ಯೆ: ಬೆಡ್‌ರೂಮಿಗೆ ಯಾವ ಬಣ್ಣದ ಬೆಳಕು ಸರ್?

ಇಂಜಿನಿಯರ್: ಮೊದಲ ಉತ್ತರವನ್ನು ಓದಿ.

ಶಿರಸಿಯ ಸದಸ್ಯ: ಸರ್, ಗೋಡೆಯ ತುಂಬ ಪಟ್ಟೆಗಳು ಕಂಡವು.

ಇಂಜಿನಿಯರ್: ಹಾಗಾದರೆ ಇಂದಿನಿಂದಲೇ ಅವಳು ಬೇರೆ ಕೋಣೆಯಲ್ಲಿ ಓದಲಿ. ಹೊಸ ದೀಪವನ್ನು ಅಂಗಡಿಯಲ್ಲಿಯೇ ಉರಿಸಿ, ಹೀಗೆಯೇ ಪರೀಕ್ಷಿಸಿ ಕೊಳ್ಳಿ.

ತುಮಕೂರಿನ ಸದಸ್ಯ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.