ಏರುದಾರಿಯಲ್ಲಿ ನಿಂತುಹೋಗುವ ಲೋಟಸ್ ಸೆವೆನ್ ಪ್ರತಿಕೃತಿ (ಜಿಪ್ಸಿ ಎಂಜಿನ್) – ಇಂಧನದ ತೊಂದರೆಯೇ?

ತೋಟದಸೆವೆನ್ (ಹೊಸನಗರ):
ನಮಸ್ಕಾರ. ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದ ಲೋಟಸ್ ಸೆವೆನ್ (ಹಳೆಯ ಬ್ರಿಟಿಷ್ ಕಾರು, ಎರಡು ಸೀಟಿನ ತೆರೆದ ಮೈಯದು) ಪ್ರತಿಕೃತಿ ಕೊನೆಗೂ ಪೂರ್ಣಗೊಂಡು ಭಾನುವಾರ ತನ್ನದೇ ಬಲದಿಂದ ಹೊರಗೆ ಬಂದಿತು. ಎಂಜಿನ್ ಮಾರುತಿ ಜಿಪ್ಸಿಯ 1298 ಸಿಸಿ ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಎಂಜಿನ್. ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಕೂಡ ಅದರವೇ. ಅಡಿಕೆ ಅಂಗಳದಲ್ಲಿ ಸುತ್ತು ಹಾಕುವಾಗ ಯಾವ ದೋಷವೂ ಕಾಣಲಿಲ್ಲ. ಆದರೆ ತೋಟದಿಂದ ಮನೆಗೆ ಬರುವ ಏರುದಾರಿಯಲ್ಲಿ, ಎರಡನೆಯ ತಿರುವಿನ ಹತ್ತಿರ ಬಂದಾಗ ಎಂಜಿನ್ ತಡವರಿಸಿ, ಕೆಮ್ಮಿ, ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಪಂಪ್, ಫಿಲ್ಟರ್, ಪ್ಲಗ್ ಎಲ್ಲವೂ ಹೊಸವು. ಈ ಮಳೆಯಲ್ಲಿ ಬಾನೆಟ್ ಬಿಚ್ಚಿಕೊಂಡು ನಿಂತರೆ ಉಂಬಳಗಳಿಗೆ ಮಾತ್ರ ಸಂತೋಷವಾಗುತ್ತಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ. ಪೆಟ್ರೋಲ್ ಇದೆಯೇ ನೋಡಿ ಎಂದು ಮಾತ್ರ ಬರೆಯಬೇಡಿ.

ಸರ್ಜ್‌ಟ್ಯಾಂಕ್:
ಇದು ನೂರಕ್ಕೆ ನೂರು ಇಂಧನದ ಹಸಿವು. ಸೆವೆನ್ ಮಾದರಿಯಲ್ಲಿ ಟ್ಯಾಂಕ್ ಹಿಂದಿನ ಆಕ್ಸಲ್‌ನ ಆಚೆಗೆ ಇರುತ್ತದೆ. ಏರು ಹತ್ತುವಾಗ ಪೆಟ್ರೋಲ್ ಹಿಂದಿನ ಗೋಡೆಗೆ ಸರಿಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಓಡುತ್ತದೆ, ಮತ್ತು ಹೀರುವ ಕೊಳವೆಯ ಬಾಯಿ ಒಂದು ಕ್ಷಣ ಗಾಳಿಗೆ ತೆರೆದುಕೊಂಡರೆ ಸಾಕು, ಇಂಜೆಕ್ಷನ್ ಎಂಜಿನ್ ಅದನ್ನು ಕ್ಷಮಿಸುವುದಿಲ್ಲ. ಕಾರ್ಬ್ಯುರೇಟರ್‌ನಲ್ಲಾದರೆ ಪೆಟ್ರೋಲ್ ಹಿಡಿದಿಡುವ ಫ್ಲೋಟ್ ಬೌಲ್ ಒಂದಿಷ್ಟು ತಡೆದುಕೊಳ್ಳುತ್ತಿತ್ತು. ಟ್ಯಾಂಕ್ ಮತ್ತು ಎಂಜಿನ್ ನಡುವೆ ಒಂದು ಲೀಟರಿನ ಸ್ವರ್ಲ್ ಪಾಟ್ (ಗಾಳಿ ಬೇರ್ಪಡಿಸಿ ಪೆಟ್ರೋಲ್ ಹಿಡಿದಿಡುವ ಸಣ್ಣ ಡಬ್ಬಿ) ಹಾಕಿರಿ. ಎಂಜಿನ್ ಬಳಸದೆ ಉಳಿದ ಪೆಟ್ರೋಲಿನ ರಿಟರ್ನ್ ಪೈಪ್ ಅದಕ್ಕೇ ಮರಳಬೇಕು.

ತೋಟದಸೆವೆನ್:
ಪೆಟ್ರೋಲ್ ಸರಿದಾಡದಂತೆ ಟ್ಯಾಂಕಿನೊಳಗೆ ಅಡ್ಡತಟ್ಟೆಗಳನ್ನು ಬೆಸುಗೆ ಹಾಕಿಸಿದ್ದೇನೆ, ಮುಕ್ಕಾಲು ಪಾಲು ಪೆಟ್ರೋಲೂ ಇದೆ. ಕೊಟ್ಟಿಗೆಯಲ್ಲಿ ನಿಲ್ಲಿಸಿ ಅಳೆದಾಗ ಒತ್ತಡ 2.8 ಬಾರ್ ಇತ್ತು.

ಸರ್ಜ್‌ಟ್ಯಾಂಕ್:
ಕೊಟ್ಟಿಗೆಯಲ್ಲಿ ಅಳೆದ ಒತ್ತಡಕ್ಕೆ ಅರ್ಥವಿಲ್ಲ. ಉದ್ದದ ಪೈಪ್ ಹಾಕಿ ಮಾಪಕವನ್ನು ವಿಂಡ್‌ಸ್ಕ್ರೀನ್ ಹೊರಗೆ ಕಾಣುವಂತೆ ಕಟ್ಟಿಕೊಂಡು ಏರು ಹತ್ತಿಸಿ. ಪೈಪನ್ನು ಮಾತ್ರ ಚಾಲಕನ ಕಡೆಗೆ ತರಬೇಡಿ. ಎಂಜಿನ್ ಕೆಮ್ಮುವ ಮೊದಲೇ ಮುಳ್ಳು ಇಳಿದರೆ ನನ್ನ ಮಾತು ನಿಜವೆಂದು ಒಪ್ಪಿಕೊಳ್ಳಿ.

ಕಾಂಟೆಸ್ಸಾಪ್ರಿಯ (ಶಿವಮೊಗ್ಗ):
ಇಂಧನ ಒಂದು ಕಡೆ ಇರಲಿ, ಉಷ್ಣಾಂಶ ಎಷ್ಟಿರುತ್ತದೆ? ಸೆವೆನ್‌ನ ಮೂತಿ ತಗ್ಗಾಗಿರುವುದರಿಂದ ರೇಡಿಯೇಟರ್ ಎಂಜಿನ್ನಿಗಿಂತ ಕೆಳಗೆ ಕೂರುತ್ತದೆ, ಮೇಲಿನ ಹೋಸ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಸಾಮಾನ್ಯ. ನನ್ನ ಕೋಬ್ರಾ ಸ್ಪೋರ್ಟ್ಸ್ ಕಾರಿನ ಪ್ರತಿಕೃತಿಯಲ್ಲಿ ಕಾಂಟೆಸ್ಸಾ ಕಾರಿನ 1.8 ಲೀಟರ್ ಇಸುಜು ಎಂಜಿನ್ ಕೂರಿಸಿದಾಗ ನೀರು ತುಂಬುವ ಟ್ಯಾಂಕನ್ನು ಎಲ್ಲಕ್ಕಿಂತ ಎತ್ತರದಲ್ಲಿ, ಅಲ್ಯೂಮಿನಿಯಂನಲ್ಲಿ ಮಾಡಿಸಿ, ಪಾಲಿಶ್ ಕೂಡ ಮಾಡಿಸಿದ್ದೆ. ನೋಡಿದವರೆಲ್ಲರೂ ಮೊದಲು ಅದನ್ನೇ ಕೇಳುತ್ತಾರೆ.

ತೋಟದಸೆವೆನ್:
ಉಷ್ಣಾಂಶದ ಮುಳ್ಳು ಏರುವುದು ನಿಜ. ಆದರೆ ಅದು ವಿಚಿತ್ರವಾಗಿದೆ: ಕೆಳಗೆ ತೋಟದಲ್ಲಿ ನಡುಮಟ್ಟದಲ್ಲಿದ್ದ ಮುಳ್ಳು, ಮೇಲೆ ಮಂಜು ಕವಿದು ದೀಪ ಹಾಕಿದ ಕೂಡಲೇ ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಗಾಬರಿಯಿಂದ ಫ್ಯಾನ್ ಸ್ವಿಚ್ ಹಾಕುತ್ತೇನೆ, ಆಗ ಇನ್ನೂ ಏರುತ್ತದೆ. ಮಾಪಕ ಅಗ್ಗದ್ದು, ಕೆಟ್ಟಿರಬಹುದು. ಆಕ್ಸಿಲರೇಟರ್ ಕೂಡ ಬರಬರುತ್ತಾ ಬಿಗಿಯಾಗುತ್ತಿದೆ, ಆದರೆ ಅದು ಬೇರೆ ವಿಷಯ, ಕೇಬಲ್ ಬದಲಾಯಿಸುತ್ತೇನೆ. ಮೊದಲು ನಿಂತುಹೋಗುವುದಕ್ಕೆ ಪರಿಹಾರ ಬೇಕು.

ನಿಯಮಪಾಲಕ:
ಇಷ್ಟೆಲ್ಲಾ ಚರ್ಚಿಸುವ ಮೊದಲು ಒಂದು ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಇದರ ನೋಂದಣಿ ಹೇಗಾಯಿತು?

ಕಾಂಟೆಸ್ಸಾಪ್ರಿಯ:
ಜಿಪ್ಸಿಯ ನೋಂದಣಿ ಪುಸ್ತಕವನ್ನೇ ಇಟ್ಟುಕೊಂಡರಾಯಿತು.

ನಿಯಮಪಾಲಕ:
ಆಗುವುದಿಲ್ಲ. ಚಾಸಿಸ್ಸೇ ಬೇರೆಯಾದ ಮೇಲೆ ಆ ಪುಸ್ತಕ ಈ ವಾಹನದ್ದಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೇ ಕಲಮು ತಡೆಯುತ್ತದೆ. ಇಂತಹ ಸಲಹೆಯನ್ನು ಬಹಿರಂಗವಾಗಿ ಕೊಡಬಾರದು.

ತೋಟದಸೆವೆನ್:
ನಾನು ಓಡಿಸಿದ್ದು ನಮ್ಮದೇ ತೋಟದ ದಾರಿಯಲ್ಲಿ, ಗೇಟಿನ ಒಳಗೆ. ಡಾಂಬರು ರಸ್ತೆಯನ್ನು ಈ ಕಾರು ಇನ್ನೂ ಕಂಡಿಲ್ಲ. ದಯವಿಟ್ಟು ವಿಷಯಕ್ಕೆ ಬನ್ನಿ.

ಸಾಗರದವೈರಿಂಗ್:
ಎಲ್ಲರೂ ಪೆಟ್ರೋಲ್ ಮತ್ತು ನೀರಿನ ಹಿಂದೆ ಹೋಗಿದ್ದೀರಿ. ದೀಪದ ಸ್ವಿಚ್ ಹಾಕಿದ ಕ್ಷಣದಲ್ಲೇ ಎಂಜಿನ್ನಿನ ನೀರು ಕಾಯಲು ಸಾಧ್ಯವಿಲ್ಲ. ಹಾಗಿದ್ದ ಮೇಲೆ ಮುಳ್ಳನ್ನು ಏರಿಸಿದ್ದು ಬಿಸಿಯಲ್ಲ, ವಿದ್ಯುತ್ತು. ನಾಲ್ಕು ವಿಷಯ ತಿಳಿಸಿ. ಚಾಸಿಸ್‌ಗೆ ಬಣ್ಣ ಯಾವುದು? ಬ್ಯಾಟರಿಯ ನೆಗೆಟಿವ್ ಎಲ್ಲಿಗೆ ಹೋಗಿದೆ? ಎಂಜಿನ್ನಿಗೂ ಚಾಸಿಸ್‌ಗೂ ನಡುವೆ ಅರ್ತ್ ಪಟ್ಟಿ (ಕರೆಂಟು ಮರಳುವ ದಾರಿ) ಇದೆಯೇ? ಏರಿನಲ್ಲಿ ನಿಂತ ತಕ್ಷಣ ಸ್ಟಾರ್ಟರ್ ಸರಿಯಾಗಿ ತಿರುಗುತ್ತದೆಯೇ?

ತೋಟದಸೆವೆನ್:
ಚಾಸಿಸ್ ಒಂದು ಇಂಚಿನ ಚೌಕ ಕೊಳವೆಯದು, ಮಾಚೇನಹಳ್ಳಿಯಲ್ಲಿ ಪೌಡರ್ ಕೋಟಿಂಗ್ ಮಾಡಿಸಿದ್ದೇನೆ, ಕೆಲಸ ಬಹಳ ಚೆನ್ನಾಗಿ ಬಂದಿದೆ. ಮೂತಿ ಮತ್ತು ಮಡ್‌ಗಾರ್ಡ್ ಫೈಬರ್. ಬ್ಯಾಟರಿಯ ನೆಗೆಟಿವ್ ಚಾಸಿಸ್‌ಗೆ ಹೋಗಿದೆ. ಜಿಪ್ಸಿಯ ಹಳೆಯ ಪಟ್ಟಿಯನ್ನೇ ಎಂಜಿನ್ ಮೌಂಟಿನ ಬೋಲ್ಟಿಗೆ ಹಾಕಿದ್ದೇನೆ. ನಿಂತ ತಕ್ಷಣ ಸ್ಟಾರ್ಟರ್ ತಿರುಗುವುದೇ ಇಲ್ಲ, ಕಟಕಟ ಎನ್ನುತ್ತದೆ. ಬ್ಯಾಟರಿ ಹಳೆಯದಾದ್ದರಿಂದ ಇದನ್ನು ಹೇಳುವ ಅಗತ್ಯವಿದೆ ಎನಿಸಲಿಲ್ಲ.

ಸಾಗರದವೈರಿಂಗ್:
ಹೇಳಬೇಕಾದದ್ದು ಅದೊಂದೇ ಆಗಿತ್ತು. ಪೌಡರ್ ಕೋಟಿಂಗ್ ಎಂದರೆ ಬೇಯಿಸಿದ ಪ್ಲಾಸ್ಟಿಕ್ ಪದರ. ಅದು ಚೆನ್ನಾಗಿ ಬಂದಷ್ಟೂ ವಿದ್ಯುತ್ತಿಗೆ ತಡೆ ಹೆಚ್ಚು. ಕಾರ್ಖಾನೆಯ ಕಾರಿನಲ್ಲಿ ಇಡೀ ತಗಡಿನ ಮೈ ಅರ್ತ್ ಆಗಿ ಕೆಲಸ ಮಾಡುತ್ತದೆ, ಫೈಬರ್ ಮೈಯ ಸೆವೆನ್‌ನಲ್ಲಿ ಆ ಆಶ್ರಯವಿಲ್ಲ. ನಿಮ್ಮ ಪಟ್ಟಿ ಬೋಲ್ಟಿನ ಎಳೆಗಳ ಮೂಲಕ ಮಾತ್ರ ಲೋಹವನ್ನು ಮುಟ್ಟುತ್ತಿದೆ, ಬಿಸಿಯಾಗಿ ಅದುರಿದಾಗ ಅದೂ ಸಡಿಲವಾಗುತ್ತದೆ. ಕರೆಂಟು ತಯಾರಿಸುವ ಆಲ್ಟರ್ನೇಟರ್‌ನ ಅರ್ತ್ ಎಂಜಿನ್ ಬ್ಲಾಕಿನಲ್ಲಿದೆ, ದೀಪ, ಫ್ಯಾನ್, ಪಂಪ್‌ಗಳ ಅರ್ತ್ ಚಾಸಿಸ್‌ನಲ್ಲಿದೆ. ಎರಡರ ನಡುವಿನ ದಾರಿ ಕೆಟ್ಟರೆ, ಬಸಿಗಾಲುವೆ ಮುಚ್ಚಿದ ತೋಟದಲ್ಲಿ ನೀರು ದರೆಯನ್ನೇ ಕೊರೆದುಕೊಂಡು ಹರಿಯುವಂತೆ, ಕರೆಂಟು ಸಿಕ್ಕ ಲೋಹದಲ್ಲೆಲ್ಲ ಮರಳಲು ಹವಣಿಸುತ್ತದೆ. ನಿಮ್ಮಲ್ಲಿ ಅದಕ್ಕೆ ಸಿಕ್ಕಿರುವುದು ಆಕ್ಸಿಲರೇಟರ್ ಕೇಬಲ್ಲಿನ ಉಕ್ಕಿನ ಸುರುಳಿ. ಪೆಡಲಿನ ಕಡೆ ಚಾಸಿಸ್, ಇನ್ನೊಂದು ತುದಿಯಲ್ಲಿ ಎಂಜಿನ್. ಸ್ಟಾರ್ಟರ್ ತಿರುಗಿಸಿದಾಗಲೆಲ್ಲ ಅದು ಕಾದು, ಒಳಗಿನ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಿ ತಂತಿಯನ್ನು ಹಿಡಿಯುತ್ತಿದೆ. ಬಿಗಿಯಾಗುತ್ತಿರುವುದು ಬೇರೆ ವಿಷಯವಲ್ಲ. ಕೇಬಲ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಕಾರು ನಿಲ್ಲದೆ ಓಡುತ್ತದೆ. ಇದು ಸರಿಹೋಗುವವರೆಗೆ ಇಳಿಜಾರಿಗೆ ಒಯ್ಯಬೇಡಿ.

ಅಂಗಳದಲ್ಲೇ ನಿಲ್ಲಿಸಿ, ಬಿಸಿಯಾದ ಮೇಲೆ ದೀಪ ಮತ್ತು ಫ್ಯಾನ್ ಹಾಕಿ ಮಲ್ಟಿಮೀಟರ್ ಹಿಡಿಯಿರಿ. ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆಯೇ ಇರಲಿ, ಕ್ಲಾಂಪಿನ ಮೇಲಲ್ಲ. ಇನ್ನೊಂದನ್ನು ಮೊದಲು ಎಂಜಿನ್ ಬ್ಲಾಕಿಗೆ, ನಂತರ ಪಂಪಿನ ಅರ್ತ್ ತಂತಿಗೆ ಮುಟ್ಟಿಸಿ. 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಓಮ್ ಅಳೆದು ಪ್ರಯೋಜನವಿಲ್ಲ. ಮೀಟರಿನ ಸಣ್ಣ ಕರೆಂಟಿಗೆ ಒಂದು ಎಳೆ ತಂತಿಯೂ ಸಾಕಾಗಿ ಎಲ್ಲವೂ ಸರಿಯೆಂದು ತೋರಿಸುತ್ತದೆ.

ಸರ್ಜ್‌ಟ್ಯಾಂಕ್:
ಅರ್ತ್ ಸರಿಯಿಲ್ಲದಿರಬಹುದು, ಆದರೆ ಕೆಮ್ಮಿ ನಿಲ್ಲುವ ರೀತಿ ಇಂಧನದ್ದೇ. ಸ್ವರ್ಲ್ ಪಾಟ್ ಇಲ್ಲದೆ ಈ ಚರ್ಚೆ ಮುಗಿಯುವುದಿಲ್ಲ.

ತೋಟದಸೆವೆನ್:
ಅಳೆದಿದ್ದೇನೆ. ಬ್ಲಾಕಿಗೆ 1.9 ವೋಲ್ಟ್, ಪಂಪಿನ ಅರ್ತ್‌ಗೆ 1.6 ವೋಲ್ಟ್. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಮೇಲೆ 11.3 ಮಾತ್ರ ಇದೆ, ಮಾಪಕದಲ್ಲಿ ಇಂಧನದ ಒತ್ತಡ 2 ಬಾರ್‌ಗಿಂತ ಕೆಳಗೆ ಇಳಿಯಿತು. ಜಂಪ್ ಕೇಬಲ್ಲನ್ನು ಬ್ಯಾಟರಿಯ ನೆಗೆಟಿವ್‌ನಿಂದ ನೇರವಾಗಿ ಬ್ಲಾಕಿಗೆ ಕಚ್ಚಿಸಿದ ತಕ್ಷಣ ಉಷ್ಣಾಂಶದ ಮುಳ್ಳು ನಡುಮಟ್ಟಕ್ಕೆ ಬಂದು ಕುಳಿತಿತು, ದೀಪವೂ ಬೆಳ್ಳಗಾಯಿತು.

ಸರ್ಜ್‌ಟ್ಯಾಂಕ್:
ನೋಡಿದಿರಾ, ಒತ್ತಡ ಇಳಿದಿದೆ. ನಾನು ಮೊದಲ ದಿನವೇ ಹೇಳಿದ್ದೆ.

ಸಾಗರದವೈರಿಂಗ್:
ಒತ್ತಡ ಇಳಿದದ್ದು ಪಂಪಿಗೆ 10 ವೋಲ್ಟ್ ಕೂಡ ತಲುಪದ ಕಾರಣ. ಸಮತಟ್ಟಾದ ಅಂಗಳದಲ್ಲಿ ನಿಂತ ಕಾರಿನ ಪೆಟ್ರೋಲ್ ಯಾವ ಗೋಡೆಗೆ ಸರಿಯುತ್ತದೆ? ಮೂಲ ಪ್ರಶ್ನೆ ಕೇಳಿದವರಿಗೆ: ಬ್ಯಾಟರಿಯ ನೆಗೆಟಿವ್‌ನಿಂದ 25 ಚದರ ಮಿಲಿಮೀಟರ್ ಕೇಬಲ್ ನೇರವಾಗಿ ಗೇರ್‌ಬಾಕ್ಸಿನ ಬೋಲ್ಟಿಗೆ ಹೋಗಲಿ, ಅಲ್ಲಿಂದ ಚಾಸಿಸ್‌ಗೆ ಇನ್ನೊಂದು ಬರಲಿ. ಬೋಲ್ಟ್ ಕೂರುವ ಜಾಗದಲ್ಲಿ ಲೋಹ ಹೊಳೆಯುವವರೆಗೆ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಬಿಗಿದ ನಂತರ ಮೇಲಿನಿಂದ ಗ್ರೀಸ್ ಬಳಿಯಿರಿ. ನಮ್ಮ ಮಳೆಯಲ್ಲಿ ಕೆರೆದ ಉಕ್ಕು ಬರಿದೇ ಉಳಿದರೆ ಬೇಗ ತುಕ್ಕು ಹಿಡಿದು ಮತ್ತೆ ಇದೇ ಕಥೆಯಾಗುತ್ತದೆ. ಪಂಪಿನ ಅರ್ತ್ ಟ್ಯಾಂಕಿನ ಬೋಲ್ಟಿನಲ್ಲಿ ಮುಗಿಯದೆ ತಂತಿಯಾಗಿಯೇ ಮುಂದಕ್ಕೆ ಬರಬೇಕು.

ಕಾಂಟೆಸ್ಸಾಪ್ರಿಯ:
25 ಏಕೆ, ನಾನು 35ರ ವೆಲ್ಡಿಂಗ್ ಕೇಬಲ್ ಹಾಕಿದ್ದೇನೆ. ಎಳೆಗಳು ಸಣ್ಣವಾದ್ದರಿಂದ ಬಾಗಿಸಲು ಸುಲಭ. ಜೊತೆಗೆ ಕೆಂಪು ಕೀಲಿಯ ಬ್ಯಾಟರಿ ಕಟ್‌ಆಫ್ ಕೂಡ ಇದೆ.

ತೋಟದಸೆವೆನ್:
ಹೇಳಿದಂತೆ ಎರಡೂ ಕೇಬಲ್ ಹಾಕಿ, ಪಂಪಿಗೆ ಪ್ರತ್ಯೇಕ ತಂತಿ ಎಳೆದಿದ್ದೇನೆ. ಹಳೆಯ ಆಕ್ಸಿಲರೇಟರ್ ಕೇಬಲ್ ಬಿಚ್ಚಿದಾಗ ಒಳಕೊಳವೆ ಎರಡು ಕಡೆ ಕರಗಿ ಅಂಟಿಕೊಂಡಿತ್ತು, ಹೊಸದನ್ನು ಹಾಕಿಯಾಗಿದೆ. ಈಗ ಬ್ಲಾಕಿನಲ್ಲಿ 0.06 ವೋಲ್ಟ್. ಇಂದು ಸಂಜೆ ದೀಪ, ಫ್ಯಾನ್ ಎರಡನ್ನೂ ಹಾಕಿಕೊಂಡೇ ಏರು ಹತ್ತಿಸಿದೆ. ಒತ್ತಡ 2.8ರಿಂದ ಅಲುಗಲಿಲ್ಲ, ತಿರುವಿನಲ್ಲಿ ಕೂಡ. ಎರಡನೆಯ ಗೇರಿನಲ್ಲಿ ಅದು ಎಳೆಯುವ ಪರಿ ಬರೆದು ತಿಳಿಸುವಂಥದ್ದಲ್ಲ. ಕೆಸರು ಮಾತ್ರ ಮುಂದಿನ ಚಕ್ರದಿಂದ ನೇರವಾಗಿ ಮೊಣಕೈಗೆ ಬರುತ್ತದೆ.

ಇನ್ನೊಂದು ವಿಷಯ. ಜಿಪ್ಸಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಹೊರಡುತ್ತದೆ, ನಾನು ಅದನ್ನೇ ತೆಗೆದುಹಾಕಿರುವುದರಿಂದ ವೇಗ ತಿಳಿಯುವ ದಾರಿಯಿಲ್ಲ. ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜಿನ ನಾಲ್ಕು ಬೋಲ್ಟುಗಳನ್ನು ಎಣಿಸುವ ಸೆನ್ಸರ್ ಕೂರಿಸಿದವರು ಯಾರಾದರೂ ಇದ್ದೀರಾ?

ಸರ್ಜ್‌ಟ್ಯಾಂಕ್:
ಅದಕ್ಕೆ ಬೇರೆ ಚರ್ಚೆ ಆರಂಭಿಸಿ. ಪೆಟ್ರೋಲ್ ಕಾಲು ಟ್ಯಾಂಕಿಗೆ ಇಳಿದ ಮೇಲೆ ಅದೇ ತಿರುವನ್ನು ಹತ್ತಿಸಿ, ಒತ್ತಡ ಎಷ್ಟಿತ್ತೆಂದು ಇಲ್ಲಿ ಬರೆಯಿರಿ.